ಸಮಾರ್ಯದವನು ಅಂದರೆ ಒಳ್ಳೆಯವನು ಅಂತಲ್ಲ

ಮೇ ರಜೆಯಲ್ಲಿ ನಮ್ಮ ಚರ್ಚಿನ ಮಕ್ಕಳಿಗೆ ವಿ.ಬಿ.ಎಸ್., ಅಂದರೆ ರಜಾಕಾಲದ ಬೈಬಲ್ ಶಾಲೆ, ನಡೆಸುತ್ತೇವೆ. ಕೆಲವು ದಿನ ಹಾಡು, ಕಥೆ, ಚಿತ್ರ. ಕೊನೆಯ ದಿನ ಅಪ್ಪ ಅಮ್ಮಂದಿರ ಮುಂದೆ ಒಂದು ನಾಟಕ. ಈ ಸಲ ಆರಿಸಿದ್ದು ಒಳ್ಳೆಯ ಸಮಾರ್ಯದವನ ಕಥೆ. ನನ್ನ ನೆರೆಯವನು ಯಾರು ಎಂದು ಒಬ್ಬ ಧರ್ಮೋಪದೇಶಕ ಕೇಳಿದ್ದಕ್ಕೆ ಯೇಸು ಹೇಳಿದ ಕಥೆ ಇದು. ಕಳ್ಳರು ಹೊಡೆದು ಹಾಕಿದ ದಾರಿಹೋಕನನ್ನು ಕಂಡೂ ದೇವಾಲಯದ ಪುರೋಹಿತನಾದ ಯಾಜಕ, ಅಲ್ಲಿನ ಸೇವಕನಾದ ಲೇವಿಯ ಪಕ್ಕಕ್ಕೆ ಸರಿದು ಹೋಗುತ್ತಾರೆ. ಸಮಾರ್ಯದವನೊಬ್ಬ ಗಾಯಕ್ಕೆ ಎಣ್ಣೆ ಹಾಕಿ, ತನ್ನ ಕತ್ತೆಯ ಮೇಲೆ ಕೂರಿಸಿ ಕಾಪಾಡುತ್ತಾನೆ. ಇದನ್ನು ಆಡೋಣ ಅಂದದ್ದೇ ತಡ, ಹನ್ನೊಂದು ಕೈ ಮೇಲೆದ್ದವು. "ಟೀಚರ್, ನಾನು ಸಮಾರ್ಯದವನು! ಟೀಚರ್, ನಾನು!" ಯಾಜಕನ ಪಾತ್ರ ಯಾರಿಗೂ ಬೇಡ. ಲೇವಿಯ ಆಗಲು ಒಬ್ಬ ಹುಡುಗನನ್ನು ಅವನ ಅಕ್ಕನೇ ಬೈದು ಒಪ್ಪಿಸಿದಳು. ಕಂಬಳಿ ಹೊದ್ದು ಬಗ್ಗಿ ನಿಲ್ಲುವ ಕತ್ತೆಯ ಪಾತ್ರಕ್ಕೂ ಇಬ್ಬರು ಸಿಕ್ಕಿದರು.

ಮುಂದೆ ಕೂತಿದ್ದ ಆರನೇ ಕ್ಲಾಸಿನ ಹುಡುಗಿಯನ್ನು ಕೇಳಿದೆ, "ಸಮಾರ್ಯದವನು ಅಂದ್ರೆ ಯಾರು ಮಗಾ?"

"ಒಳ್ಳೆಯವನು ಟೀಚರ್. ಬೇರೆಯವರಿಗೆ ಹೆಲ್ಪ್ ಮಾಡುವವನು."

ಈ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಹುಡುಗಿಯದು ತಪ್ಪಲ್ಲ, ನಾವು ಕಲಿಸಿದ್ದನ್ನೇ ಅವಳು ಹೇಳಿದಳು. ಆದರೆ ಯೇಸು ಈ ಕಥೆ ಹೇಳಿದಾಗ ಎದುರಿಗೆ ನಿಂತಿದ್ದ ಯೆಹೂದ್ಯರ ಮಕ್ಕಳಿಂದ ಯಾರಾದರೂ ಇದೇ ನಾಟಕ ಮಾಡಿಸಿದ್ದರೆ? ಯಾಜಕನ ಪಾತ್ರಕ್ಕೆ ಹನ್ನೊಂದು ಕೈ ಏಳುತ್ತಿದ್ದವು. ಸಮಾರ್ಯದವನಾಗಲು ಒಬ್ಬ ಮಗುವೂ ಒಪ್ಪುತ್ತಿರಲಿಲ್ಲ. ಒಪ್ಪಿದ್ದರೂ ಮನೆಯವರು ಬಿಡುತ್ತಿರಲಿಲ್ಲ.

ಬೈಬಲಿನ ಒಂದು ಹೆಸರಿನ ಅರ್ಥ ಗೊತ್ತಿಲ್ಲದೆ ಓದಿದರೆ ಎಷ್ಟು ಕಳೆದುಕೊಳ್ಳುತ್ತೇವೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಂಡಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕ್ರೈಸ್ತರಲ್ಲದ ಗೆಳೆಯರೂ ದಯವಿಟ್ಟು ಓದಿ, ಏಕೆಂದರೆ ಈ ಪದ ಈಗ ನಿಮ್ಮದೂ ಹೌದು. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸು, ಕೋರ್ಟು ಅಂತ ಅಲೆದಾಟ ಆಗಬಾರದು ಎಂದು ಕರ್ನಾಟಕ ತನ್ನದೇ ಗುಡ್ ಸಮಾರಿಟನ್ (ಒಳ್ಳೆಯ ಸಮಾರ್ಯದವನು) ಕಾಯ್ದೆ ಮಾಡಿತು. ವಿಧೇಯಕ 2016ರದು, ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಕಲಮಿನ ಮೂಲಕ ಅದೇ ರಕ್ಷಣೆ ಇಡೀ ದೇಶಕ್ಕೆ ಬಂತು. ಬಹಳ ಒಳ್ಳೆಯ ಕಾನೂನು, ಅದರಿಂದ ಜೀವ ಉಳಿಯುತ್ತದೆ. ಆದರೆ ಒಂದು ಜನಾಂಗದ ಹೆಸರು ಕಾನೂನಿನ ಪುಸ್ತಕದಲ್ಲಿ "ಉಪಕಾರಿ" ಎಂಬ ಅರ್ಥದಲ್ಲಿ ಕೂತಿದೆ. ಆ ಜನಾಂಗವನ್ನು ಒಂದು ಕಾಲದಲ್ಲಿ ಹೇಗೆ ನೋಡುತ್ತಿದ್ದರು ಎಂಬುದು ಮಾತ್ರ ಪೂರ್ತಿ ಅಳಿಸಿಹೋಗಿದೆ.

ಇಸ್ರಾಯೇಲಿನ ನಕ್ಷೆ ತೆಗೆದು ನೋಡಿ. ಉತ್ತರಕ್ಕೆ ಗಲಿಲಾಯ, ದಕ್ಷಿಣಕ್ಕೆ ಯೂದಾಯ, ನಟ್ಟ ನಡುವೆ ಸಮಾರ್ಯ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರ್ಯರು ಉತ್ತರದ ರಾಜ್ಯವನ್ನು ಗೆದ್ದು, ಅಲ್ಲಿನ ಅನೇಕರನ್ನು ಸೆರೆ ಒಯ್ದು, ಬೇರೆ ಊರುಗಳಿಂದ ಜನ ತಂದು ನೆಲೆಯೂರಿಸಿದರು. ಆ ಬೆರಕೆ ಸಂತತಿಯೇ ಸಮಾರ್ಯದವರು ಎಂಬುದು ಯೆಹೂದ್ಯರ ಮಾತು. ಸಮಾರ್ಯದವರ ಮಾತೇ ಬೇರೆ. ನಾವು ಯೋಸೇಫನ ಮಕ್ಕಳ ಪೀಳಿಗೆ, ಎಲ್ಲಿಗೂ ಹೋಗದೆ ಇಲ್ಲೇ ಉಳಿದವರು, ಧರ್ಮಶಾಸ್ತ್ರವನ್ನು ಕಾಪಾಡಿಕೊಂಡು ಬಂದವರು ಎನ್ನುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವ ಶಾಮೆರಿಂ ಎಂಬ ಹೆಸರಿಗೆ ಕಾಪಾಡುವವರು ಎಂದೇ ಅರ್ಥ. ಮೋಶೆಯ ಐದು ಪುಸ್ತಕಗಳು ಮಾತ್ರ ಅವರಿಗೆ ವೇದ. ಅವರ ಪುಣ್ಯಸ್ಥಳ ಯೆರೂಸಲೇಮ್ ಅಲ್ಲ, ಗೆರಿಜ್ಜೀಮ್ ಬೆಟ್ಟ.

ಇಬ್ಬರಿಗೂ ದೇವರು ಒಬ್ಬನೇ, ಮೂಲಪುರುಷರು ಅವರೇ. ಜಗಳ ನಿಂತದ್ದು ಯಾವ ಬೆಟ್ಟದ ಮೇಲೆ ಪೂಜೆ ಎಂಬುದರ ಮೇಲೆ. ದಾಯಾದಿ ಜಗಳ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ರಿ.ಪೂ. ಎರಡನೇ ಶತಮಾನದ ಕೊನೆಯ ಹೊತ್ತಿಗೆ ಯೆಹೂದ್ಯ ಅರಸ ಯೋಹಾನ ಹಿರ್ಕಾನಸ್ ಗೆರಿಜ್ಜೀಮ್ ಬೆಟ್ಟದ ದೇವಾಲಯವನ್ನು ಕೆಡವಿಹಾಕಿದ. ಆಮೇಲೆ ಯೇಸು ಇನ್ನೂ ಹುಡುಗನಾಗಿದ್ದ ಕಾಲಕ್ಕೆ, ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಕೆಲವು ಸಮಾರ್ಯದವರು ಯೆರೂಸಲೇಮಿನ ದೇವಾಲಯಕ್ಕೆ ನುಗ್ಗಿ ಸತ್ತವರ ಎಲುಬು ಚೆಲ್ಲಿ ಹೋದರು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಎಲುಬು! ಇಂಥ ಸುದ್ದಿಯನ್ನು ಅಪ್ಪ ಮಗನಿಗೆ ಹೇಳುತ್ತಾನೆ, ಮಗ ತನ್ನ ಮಗನಿಗೆ ಹೇಳುತ್ತಾನೆ.

ಯೇಸುವಿನ ಶಿಷ್ಯರೂ ಇದೇ ಗಾಳಿ ಉಸಿರಾಡಿದವರು. ಲೂಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಸಮಾರ್ಯದ ಒಂದು ಹಳ್ಳಿ ಯೇಸುವಿಗೆ ಜಾಗ ಕೊಡುವುದಿಲ್ಲ. ಯಾಕೋಬ ಯೋಹಾನರು ಕೂಡಲೇ, ಆಕಾಶದಿಂದ ಬೆಂಕಿ ಬಿದ್ದು ಇವರು ಸುಟ್ಟುಹೋಗಲಿ ಅನ್ನೋಣವೇ ಎಂದು ಕೇಳುತ್ತಾರೆ. ಯೇಸು ಅವರನ್ನು ಗದರಿಸುತ್ತಾರೆ. ಸಮಾರ್ಯದವನ ಕಥೆ ಬರುವುದು ಅದರ ಮುಂದಿನ ಅಧ್ಯಾಯದಲ್ಲೇ. ಈ ಎರಡನ್ನೂ ಒಟ್ಟಿಗೆ ಓದಿದ ಪ್ರಸಂಗವನ್ನು ನಾನು ಕೇಳಿದ್ದು ಕಡಿಮೆ.

ಇನ್ನು ದಾರಿ. ನನಗೆ ಈ ಕಥೆಯಲ್ಲಿ ಬಹಳ ಪ್ರೀತಿಯ ಪದ ಒಂದಿದೆ: "ಇಳಿದು". ಒಬ್ಬ ಮನುಷ್ಯ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ. ಕರಾವಳಿಯವರಾದ ನಾವು ಮಾತಿಗೆ ಮುಂಚೆ ಘಟ್ಟ ಹತ್ತಿದೆ, ಘಟ್ಟ ಇಳಿದೆ ಅನ್ನುವವರು. ಆದರೂ ಈ ಪದವನ್ನು ಗಮನಿಸದೆ ದಾಟಿಬಿಡುತ್ತೇವೆ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಇಪ್ಪತ್ತೇಳು ಇಪ್ಪತ್ತೆಂಟು ಕಿಲೋಮೀಟರ್ ದಾರಿಯಲ್ಲಿ ಒಂದು ಸಾವಿರ ಮೀಟರ್ ಇಳಿತ. ಮಕ್ಕಳಿಗೆ, ಚಾರ್ಮಾಡಿ ಘಾಟಿ ನೆನಪು ಮಾಡಿಕೊಳ್ಳಿ, ಆಮೇಲೆ ಅದರಲ್ಲಿರುವ ಕಾಡನ್ನೆಲ್ಲ ತೆಗೆದುಹಾಕಿ, ಝರಿಗಳನ್ನೂ ತೆಗೆಯಿರಿ ಅಂದೆ. ಬೋಳು ಸುಣ್ಣಕಲ್ಲಿನ ಗುಡ್ಡ, ಕಡಿದಾದ ಕಮರಿ, ತಿರುವು ತಿರುವಿಗೂ ಅಡಗಿ ಕೂರಲು ಗವಿ. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ.

ಆ ಇಳಿತದಲ್ಲೇ ಯಾಜಕನ ಗುಟ್ಟೂ ಇದೆ. ಪಾಪ, ಹೆಣ ಮುಟ್ಟಿದರೆ ಮೈಲಿಗೆ, ದೇವಾಲಯದ ಸೇವೆಗೆ ಅಡ್ಡಿ, ಅದಕ್ಕೇ ಪಕ್ಕಕ್ಕೆ ಸರಿದು ಹೋದ ಎಂದು ಬಹಳ ಜನ ವಿವರಿಸುತ್ತಾರೆ. ಯಾಜಕಕಾಂಡದ 21ನೇ ಅಧ್ಯಾಯದಲ್ಲಿ ಅಂಥ ನಿಯಮ ಇರುವುದು ನಿಜ. ಆದರೆ ಅವನೂ ಅದೇ ದಾರಿಯಲ್ಲಿ ಇಳಿದು ಹೋಗುತ್ತಿದ್ದ ಎಂದೇ ಇದೆ. ದೇವಾಲಯ ಇರುವುದು ಮೇಲೆ. ಅವನ ಸರದಿ ಮುಗಿದಿತ್ತು, ಮನೆಗೆ ಹೊರಟಿದ್ದ. ಅಲ್ಲದೆ ಬಿದ್ದವನು ಸತ್ತಿರಲಿಲ್ಲ, ಅರೆಜೀವವಾಗಿದ್ದ. ಸತ್ತೇಹೋಗಿದ್ದಾನೆ ಅಂದುಕೊಂಡರೂ, ದಿಕ್ಕಿಲ್ಲದ ಹೆಣ ಕಂಡರೆ ಮಹಾಯಾಜಕನೇ ಆದರೂ ಮಣ್ಣು ಮಾಡಬೇಕು ಎನ್ನುತ್ತದೆ ಯೆಹೂದ್ಯರ ಕಟ್ಟಳೆಗಳ ಸಂಗ್ರಹವಾದ ಮಿಷ್ನಾ. ಹಾಗಾಗಿ ಅವನನ್ನು ತಡೆದದ್ದು ಧರ್ಮಶಾಸ್ತ್ರ ಎಂದು ನನಗೆ ಅನ್ನಿಸುವುದಿಲ್ಲ. ಹೆದರಿರಬೇಕು. ಕಳ್ಳರು ಇಲ್ಲೇ ಎಲ್ಲೋ ಇದ್ದರೆ ಎಂದು ನಾನಾಗಿದ್ದರೂ ಹೆದರುತ್ತಿದ್ದೆ.

ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣ ಇದೆ. ಈ ಕಥೆ ಹೇಳುವಾಗ ನಮ್ಮಲ್ಲಿ ಯೆಹೂದ್ಯ ಧರ್ಮವನ್ನೇ ಕೆಟ್ಟದು ಮಾಡಿಬಿಡುವ ಚಾಳಿ ಇದೆ. "ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಎಂಬುದು ಎಲ್ಲಿಂದ ಬಂತು? ಯಾಜಕಕಾಂಡ 19:18, ಅದೇ ಧರ್ಮಶಾಸ್ತ್ರದಿಂದ. ಹೇಳಿದ ಯೇಸುವೂ ಯೆಹೂದ್ಯರೇ, ಕೇಳಿದವನೂ ಯೆಹೂದ್ಯನೇ. ಫರಿಸಾಯ ಎಂಬುದು ಯೇಸುವಿನ ಕಾಲದ ಒಂದು ಯೆಹೂದ್ಯ ಪಂಗಡದ ಹೆಸರು, ಆ ಪದವನ್ನಂತೂ ನಾವು ಕಪಟಿ ಎಂಬುದಕ್ಕೆ ಬದಲಿ ಪದ ಮಾಡಿಕೊಂಡಿದ್ದೇವೆ. ಪುನರುತ್ಥಾನವನ್ನು ನಂಬಿದವರು, ದಿನದಿನದ ಬದುಕೆಲ್ಲ ದೇವರಿಗೆ ಒಪ್ಪುವಂತಿರಬೇಕು ಎಂದು ಹೆಣಗಿದವರು ಅವರು. ಯೇಸುವಿನ ಸುವಾರ್ತೆ ಸಾರಿದ ಪೌಲನೂ ತಾನು ಫರಿಸಾಯ ಎಂದು ಹೇಳಿಕೊಂಡಿದ್ದಾನೆ. ಮಕ್ಕಳ ಮುಂದೆ ಆ ಪದವನ್ನು ಬೈಗುಳದಂತೆ ಬಳಸುವುದನ್ನು ನಾನು ಬಿಟ್ಟಿದ್ದೇನೆ.

ಕೆಲವು ಪದಗಳಲ್ಲಿ ಕನ್ನಡವೇ ನಮಗೆ ಕೈಹಿಡಿದು ದಾರಿ ತೋರಿಸುತ್ತದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತ ಕಾಲದಿಂದ, ಎಷ್ಟೋ ಜನ ಒಂದೊಂದು ಪದಕ್ಕೂ ತಲೆ ಕೆಡಿಸಿಕೊಂಡಿದ್ದಾರೆ. ಒಡಂಬಡಿಕೆ ಎಂಬ ಪದ ನೋಡಿ. ಟೆಸ್ಟಮೆಂಟ್ ಅಂದರೆ ಇಂಗ್ಲಿಷ್ ಬಲ್ಲವರಿಗೆ ಮರಣಶಾಸನ ನೆನಪಾಗಬಹುದು. ಒಡಂಬಡಿಕೆ ಅಂದರೆ ಇಬ್ಬರು ಒಪ್ಪಿ ಮಾಡಿಕೊಂಡ ಮಾತು, ಮೂಲದ ಅರ್ಥವೂ ಅದೇ. ಕ್ರಿಸ್ತ ಎಂಬುದು ಯೇಸುವಿನ ಮನೆತನದ ಹೆಸರು ಅಂದುಕೊಂಡವರಿದ್ದಾರೆ. ಅದು ಮೆಸ್ಸೀಯ ಎಂಬುದರ ಗ್ರೀಕ್ ರೂಪ, ಎರಡಕ್ಕೂ ಅಭಿಷಿಕ್ತ ಎಂದು ಅರ್ಥ. ಅಭಿಷೇಕ ಗೊತ್ತಿಲ್ಲದ ಕನ್ನಡಿಗ ಯಾರಿದ್ದಾರೆ?

ಸುಂಕದವನು ಎಂಬುದು ಇನ್ನೂ ಸೊಗಸು. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆ ಕೇಳಿ ಬೆಳೆದವರಿಗೆ ಯೆರಿಕೋವಿನ ಜಕ್ಕಾಯನನ್ನು ಊರವರು ಯಾಕೆ ದೂರ ಇಟ್ಟಿದ್ದರು ಎಂದು ಹೇಳಿಕೊಡಬೇಕಾಗಿಲ್ಲ. ರೋಮಿನವರ ಪರವಾಗಿ ಸ್ವಂತ ಜನರಿಂದ ವಸೂಲು ಮಾಡಿ, ನಡುವೆ ತನ್ನ ಗಂಟನ್ನೂ ಕಟ್ಟಿಕೊಂಡವನು ಅವನು. ಅಂಥವನ ಮನೆಗೆ ಯೇಸು ತಾವಾಗಿಯೇ ಉಳಿಯಲು ಹೋದರು.

ತಲಾಂತು ಮಾತ್ರ ನಮ್ಮನ್ನು ದಾರಿ ತಪ್ಪಿಸಿದೆ. ಚರ್ಚಿನಲ್ಲಿ ಹಾಡು ಹೇಳುವ ಮಗುವಿಗೆ "ದೇವರು ಕೊಟ್ಟ ತಲಾಂತು" ಅನ್ನುತ್ತೇವೆ. ಅದು ಮೂಲದಲ್ಲಿ ತೂಕ, ಹಣದ ಲೆಕ್ಕ. ಒಂದು ತಲಾಂತಿಗೆ 6000 ದಿನಾರಿ, ಒಂದು ದಿನಾರಿ ಕೂಲಿಯವನ ಒಂದು ದಿನದ ದುಡಿಮೆ. ವರ್ಷಕ್ಕೆ 300 ದಿನ ದುಡಿದರೆ ಇಪ್ಪತ್ತು ವರ್ಷದ ಕೂಲಿ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಕಥೆಯಲ್ಲಿ ಹತ್ತು ಸಾವಿರ ತಲಾಂತು ಸಾಲ ಮನ್ನಾ ಆದವನು ಹೊರಗೆ ಬಂದು ತನ್ನಿಂದ ನೂರು ದಿನಾರಿ ಸಾಲ ಪಡೆದವನ ಕುತ್ತಿಗೆ ಹಿಡಿಯುತ್ತಾನೆ. ಒಂದು ಕಡೆ ಆರು ಕೋಟಿ ದಿನದ ಕೂಲಿ, ಇನ್ನೊಂದು ಕಡೆ ನೂರು ದಿನದ್ದು. ಬೋರ್ಡಿನ ಮೇಲೆ ಎರಡು ಅಂಕೆ ಒಂದರ ಕೆಳಗೊಂದು ಬರೆದಾಗ ಮಕ್ಕಳು "ಅಯ್ಯೋ ಟೀಚರ್!" ಅಂದರು.

ಮತ್ತೆ ಸಮಾರ್ಯದವನಿಗೆ ಬರುತ್ತೇನೆ. ಧರ್ಮೋಪದೇಶಕ ಕೇಳಿದ್ದು, ನನ್ನ ನೆರೆಯವನು ಯಾರು ಎಂದು. ನಮ್ಮ ಕಡೆ ನೆರೆಕರೆ ಅನ್ನುತ್ತೇವೆ. ಬೇಲಿಗೆ ತಾಗಿದ ಮನೆಯವರು, ಮದುವೆಗೆ ಹೇಳಿಕೆ ಕೊಡಲೇಬೇಕಾದವರು. ಅವನಿಗೆ ಬೇಕಿದ್ದದ್ದೂ ಅಂಥ ಒಂದು ಪಟ್ಟಿ. ಎಲ್ಲಿಯವರೆಗೆ ನನ್ನ ಜವಾಬ್ದಾರಿ, ಎಲ್ಲಿಂದ ಆಚೆ ಅಲ್ಲ? ಕಥೆ ಮುಗಿಸಿ ಯೇಸು ಪ್ರಶ್ನೆಯನ್ನೇ ತಿರುಗಿಸಿದರು. ಬಿದ್ದವನಿಗೆ ನೆರೆಯವನಾದವನು ಯಾರು? ಆಗ ಅವನ ಉತ್ತರ ನೋಡಿ: ಅವನಿಗೆ ದಯೆ ತೋರಿಸಿದವನು. "ಸಮಾರ್ಯದವನು" ಎಂಬ ಪದ ಅವನ ಬಾಯಿಂದ ಹೊರಡಲೇ ಇಲ್ಲ. ಮಾತು ಒಪ್ಪಿದ, ಹೆಸರು ನುಂಗಿದ. ಸಮಾರ್ಯದವರು ಯಾರು ಎಂದು ತಿಳಿಯದವರಿಗೆ ಈ ಜಾಗದಲ್ಲಿ ಏನೂ ಕಾಣಿಸುವುದಿಲ್ಲ.

ಆ ಜನ ಈಗಲೂ ಇದ್ದಾರೆ ಎಂದು ಹೇಳಿದಾಗ ಮಕ್ಕಳು ನಂಬಲಿಲ್ಲ. ಒಂದು ಸಾವಿರ ಕೂಡ ಇಲ್ಲ. ಅರ್ಧ ಜನ ನಾಬ್ಲಸ್ ಪಕ್ಕದ ಗೆರಿಜ್ಜೀಮ್ ಬೆಟ್ಟದ ಮೇಲೆ, ಇನ್ನರ್ಧ ಟೆಲ್ ಅವೀವ್ ಹತ್ತಿರದ ಹೋಲೋನಿನಲ್ಲಿ. ಕಳೆದ ಶತಮಾನದ ಆರಂಭಕ್ಕೆ 150ರ ಆಸುಪಾಸಿಗೆ ಇಳಿದು, ವಂಶವೇ ಅಳಿಯುತ್ತದೆ ಅನ್ನಿಸಿತ್ತು. ಈಗಲೂ ಪಸ್ಕಕ್ಕೆ ಬಿಳಿ ಬಟ್ಟೆ ಉಟ್ಟು ಬೆಟ್ಟದ ಮೇಲೆ ಕುರಿ ಬಲಿ ಕೊಟ್ಟು, ನೆಲದಲ್ಲಿ ತೋಡಿದ ಆಳವಾದ ಒಲೆಗಳಲ್ಲಿ ಸುಟ್ಟು ರಾತ್ರಿ ಊಟ ಮಾಡುತ್ತಾರೆ.

ಚರ್ಚಿನ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೆ. ಬೈಬಲಿನ ಕೊನೆಯಲ್ಲಿ ನಕ್ಷೆಗಳಿರುತ್ತವೆ. ನಮ್ಮ ಅಜ್ಜಿಯ ಬೈಬಲಿನಲ್ಲಿ ಎಲ್ಲ ಪುಟಗಳೂ ಬೆರಳು ತಾಗಿ ಮಾಸಿವೆ, ನಕ್ಷೆಯ ಪುಟಗಳು ಮಾತ್ರ ಹೊಸದರಂತಿವೆ. ಅವನ್ನು ತೆರೆಯಿಸಿ. ಬಾಯಿಪಾಠ ವಚನಗಳ ಜೊತೆಗೆ ವಾರಕ್ಕೆ ಒಂದು ಊರು, ಒಂದು ಪದ, ಒಂದು ಹೆಸರು ಕಲಿಸಿ. ಭಕ್ತಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಯೇಸು ಊರಿನ ಹೆಸರು ಹಿಡಿದು, ಜಾತಿಯ ಹೆಸರು ಹಿಡಿದೇ ಕಥೆ ಹೇಳಿದರು. ಅವರು ಬೇಕೆಂದೇ ಇಟ್ಟದ್ದನ್ನು ನಾವು ಯಾಕೆ ತೆಗೆಯಬೇಕು?

ನಾಟಕದ ಕೊನೆಯ ಅಭ್ಯಾಸ ನಿನ್ನೆ ಆಯಿತು. ಸಮಾರ್ಯದವನಾದ ಹುಡುಗ ಮೊದಲ ದಿನ ನಗುನಗುತ್ತಾ ಓಡಿ ಬಂದು ಬಿದ್ದವನನ್ನು ಎತ್ತಿದ್ದ. ನಿನ್ನೆ ನಗಲಿಲ್ಲ. ದೂರದಲ್ಲಿ ನಿಂತು ಎರಡೂ ಕಡೆ ನೋಡಿ, ಕತ್ತೆಯ ಹಗ್ಗ ಕೈಯಲ್ಲೇ ಹಿಡಿದುಕೊಂಡು ನಿಧಾನವಾಗಿ ಹತ್ತಿರ ಬಂದ. ಬಿದ್ದಿದ್ದವನು ಅವನ ಮುಖ ನೋಡಿ, ನಾನು ಹೇಳಿಕೊಡದೆಯೇ, ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಸಮಾರ್ಯದವನು ಪಕ್ಕದಲ್ಲಿ ಕೂತ. ಎಣ್ಣೆಯ ಬಾಟಲಿ ತೆಗೆದು ಕಾಯುತ್ತಾ ಕೂತ.