ಅಮ್ಮಾನ್‌ನಲ್ಲಿ ಅಮ್ಮನ ಜೊತೆ ತಿಂಡಿ

ಹೋದ ನವೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಜೋರ್ಡಾನ್‌ಗೆ ಹೋಗಿದ್ದೆ. ಪ್ಯಾಕೇಜ್ ಟೂರು. ಬುಕ್ ಮಾಡುವಾಗ ಅಮ್ಮ ಅಲ್ಲಿಯ ಬಂಡೆ ಕೊರೆದು ಮಾಡಿದ ಹಳೇ ನಗರ ಪೆಟ್ರಾ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅಲ್ಲಿ ತಿನ್ನೋಕೆ ಏನು ಸಿಗುತ್ತೆ?" ಅಷ್ಟೇ. ಟೂರಿನವರು ನಗುತ್ತಾ, "ಆಂಟಿ, ಮೂರು ಹೊತ್ತೂ ಇಂಡಿಯನ್ ವೆಜ್, ಗ್ಯಾರಂಟಿ" ಅಂದರು. ಆದರೂ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ, ಒಂದು ಡಬ್ಬ ಕೋಡುಬಳೆ ಬಂದು ಕೂತವು.

ಗ್ಯಾರಂಟಿ ಏನೋ ನಿಜವೇ. ಎರಡು ದಿನ ಬೆಳಿಗ್ಗೆ ರಬ್ಬರಿನಂಥ ಪೂರಿ, ಅರಿಶಿನದ ನೀರಲ್ಲಿ ಈಜುತ್ತಿದ್ದ ಆಲೂಗಡ್ಡೆ. ರಾತ್ರಿ ಪನೀರ್ ಬಟರ್ ಮಸಾಲ. ಮಾರನೇ ರಾತ್ರಿಯೂ ಅದೇ. "ಇದನ್ನು ತಿನ್ನೋಕೆ ಇಷ್ಟು ದೂರ ಬರಬೇಕಿತ್ತೇನೋ?" ಅಂತ ಅಮ್ಮನೇ ಕೇಳಿದಳು.

ಮೂರನೇ ದಿನ ಶುಕ್ರವಾರ. ಅಲ್ಲಿ ವಾರದ ರಜೆ. ಬಸ್ಸು ಹೊರಡುವುದು ಹನ್ನೊಂದಕ್ಕೆ. ಏಳು ಗಂಟೆಗೇ ಇಬ್ಬರೂ ಟ್ಯಾಕ್ಸಿ ಹಿಡಿದು ರಾಜಧಾನಿ ಅಮ್ಮಾನ್‌ನ ಹಳೇ ಪೇಟೆಗೆ ಹೋದೆವು. ಅಲ್ಲಿಯವರು ಅದನ್ನು 'ಬಲದ್' ಅನ್ನುತ್ತಾರೆ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ರಸ್ತೆ ಖಾಲಿ. ಜನರ ಸದ್ದಿದ್ದದ್ದು ಒಂದು ಗಲ್ಲಿಯಲ್ಲಿ ಮಾತ್ರ. ಹಾಶೆಮ್ ಅನ್ನುವ ಹೋಟೆಲು. 1952ರಿಂದ ಇದೆ, ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. ರಾಜ ಮನೆತನದವರೂ ಬಂದು ತಿಂದಿದ್ದಾರಂತೆ, ಗೋಡೆಯ ಮೇಲೆ ಫೋಟೋ ಇದೆ. ಹಾಗಂತ ಠೀವಿ ಏನಿಲ್ಲ. ಗಲ್ಲಿಯಲ್ಲೇ ಪ್ಲಾಸ್ಟಿಕ್ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ.

ಮೆನು ಕಾರ್ಡ್ ಕೇಳಿದೆ. ಹುಡುಗ ನಕ್ಕ. "ಫೂಲ್, ಹುಮ್ಮುಸ್, ಫಲಾಫೆಲ್?" ಅಂದ. ಮೂರಕ್ಕೂ ತಲೆ ಆಡಿಸಿದೆ. ಬಿಸಿ ರೊಟ್ಟಿಗಳನ್ನು ತಟ್ಟೆ ಗಿಟ್ಟೆ ಏನೂ ಇಲ್ಲದೆ ನೇರ ಟೇಬಲ್ಲಿಗೆ ಹಾಸಿದ ಹಾಳೆ ಮೇಲೆ ಎಸೆದು ಹೋದ. ಅಮ್ಮನ ಮುಖ ಸ್ವಲ್ಪ ಹುಳ್ಳಗಾಯಿತು. ಹಿಂದೆಯೇ ಹೆಚ್ಚಿದ ಈರುಳ್ಳಿ, ಟೊಮೇಟೊ, ಒಂದು ಹಿಡಿ ಪುದೀನ ಬಂತು.

ಫೂಲ್ ಅಂದರೆ ನಮ್ಮ ಅವರೆಕಾಳಿನ ದೊಡ್ಡಣ್ಣನಂತಿರುವ ಕಂದು ಬಣ್ಣದ ಕಾಳು. ಕುತ್ತಿಗೆ ಸಣ್ಣಗಿರುವ ಪಾತ್ರೆಯಲ್ಲಿ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯುತ್ತದೆ. ಬೆಳಿಗ್ಗೆ ಉದ್ದನೆಯ ಸೌಟು ಇಳಿಸಿ ಬಟ್ಟಲಿಗೆ ಬಗ್ಗಿಸಿ, ಅಲ್ಲೇ ಮಸೆದು, ನಿಂಬೆರಸ ಹಿಂಡಿ, ಮೇಲೆ ಕೈತುಂಬ ಆಲಿವ್ ಎಣ್ಣೆ. ಜೊತೆಗೆ ಹಸಿಮೆಣಸು, ಬೆಳ್ಳುಳ್ಳಿ, ನಿಂಬೆ ಸೇರಿಸಿದ ಹಸಿರು ಖಾರ. ನಾನು ಅದನ್ನು ಧಾರಾಳವಾಗಿ ಸುರಿದುಕೊಂಡಾಗ ಪಕ್ಕದ ಟೇಬಲ್ಲಿನ ಹಿರಿಯರು ಗಾಬರಿಯಾಗಿ ಕೈ ಎತ್ತಿದರು. ಅವರಿಗೇನು ಗೊತ್ತು, ಬ್ಯಾಡಗಿ ಗುಂಟೂರು ಎರಡನ್ನೂ ಅರೆದು ಕುಡಿದವರು ನಾವು.

ಅಮ್ಮ ಫಲಾಫೆಲ್ ಮುರಿದು ಒಳಗೆ ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಬಾಯಿಗೆ ಹಾಕಿಕೊಂಡು ಎರಡು ಸಲ ಅಗಿದು ತೀರ್ಪು ಕೊಟ್ಟಳು: "ಅಂಬೊಡೆ ಕಣೋ. ಬೇಳೆ ಬದಲು ಇಡೀ ಕಡಲೆ. ನೆನೆಸಿ ಹಸಿಯಾಗೇ ರುಬ್ಬಿದ್ದಾರೆ, ಬೇಯಿಸಿಲ್ಲ. ಅದಕ್ಕೇ ಹೀಗೆ ಗರಿಗರಿ." ಆಮೇಲೆ ಹುಡುಕಿ ಓದಿದೆ. ನೂರಕ್ಕೆ ನೂರು ಸರಿ. ಬೇಯಿಸಿದ ಕಡಲೆ ಹಾಕಿದರೆ ಎಣ್ಣೆಯಲ್ಲಿ ಬಿಟ್ಟುಕೊಂಡು ಹೋಗುತ್ತದಂತೆ. ಬೇಯಿಸಿ ರುಬ್ಬುವುದು ಹುಮ್ಮುಸ್‌ಗೆ. ಅದಕ್ಕೆ ತಹಿನಿ ಅನ್ನುವ ನುಣ್ಣಗೆ ರುಬ್ಬಿದ ಎಳ್ಳು, ನಿಂಬೆರಸ ಸೇರುತ್ತದೆ. ಅರಬ್ಬಿಯಲ್ಲಿ ಹುಮ್ಮುಸ್ ಅಂದರೆ ಸುಮ್ನೆ ಕಡಲೆ ಅಂತಲೇ ಅರ್ಥ. ಈ ಕಡಲೆಗಾಗಿ ದೇಶ ದೇಶಗಳೇ ಜಗಳಕ್ಕೆ ಬಿದ್ದಿವೆ. ಹುಮ್ಮುಸ್ ನಮ್ಮದು ಅಂತ ಸಾಧಿಸಲು 2010ರಲ್ಲಿ ಲೆಬನಾನಿನವರು ಒಂದೇ ತಟ್ಟೆಯಲ್ಲಿ 10,452 ಕೆಜಿ ಮಾಡಿಟ್ಟರು. ಅವರ ದೇಶದ ವಿಸ್ತೀರ್ಣವೂ 10,452 ಚದರ ಕಿಲೋಮೀಟರೇ. ಮೈಸೂರು ಪಾಕಿಗೆ ನಾವು ಇನ್ನೂ ಇಷ್ಟು ದೂರ ಹೋಗಿಲ್ಲ.

ನಾನು ರೊಟ್ಟಿ ತುದಿಯನ್ನು ಹುಮ್ಮುಸ್‌ನಲ್ಲಿ ಅದ್ದಿ ತಿನ್ನುತ್ತಿದ್ದೆ, ಬಿಸ್ಕತ್ತು ಟೀಯಲ್ಲಿ ಅದ್ದುವ ಹಾಗೆ. ಅದೇ ಹಿರಿಯರಿಗೆ ತಡೆಯಲಾಗಲಿಲ್ಲ. ರೊಟ್ಟಿ ಹರಿದು, ದೋಣಿ ಥರ ಮಡಚಿ, ತಟ್ಟೆಯ ಅಂಚಿನಿಂದ ಬಳಿದು ತೋರಿಸಿದರು. ಅಮ್ಮ ಮೊದಲಿನಿಂದ ಹಾಗೇ ತಿನ್ನುತ್ತಿದ್ದಳು. ಚಪಾತಿಯಲ್ಲಿ ಪಲ್ಯ ಎತ್ತಿಕೊಂಡು ತಿನ್ನುವವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ಎದ್ದು ಹೋಗುವಾಗ ಅವರು ಅಮ್ಮನ ಕಡೆ ನೋಡಿ "ಸಹ್ತೇನ್" ಅಂದರು. ಎರಡು ಪಾಲು ಆರೋಗ್ಯ ಸಿಗಲಿ ಅಂತ. ಅಮ್ಮ ಕೈ ಮುಗಿದಳು.

ನನ್ನ ಸಿಟ್ಟು ಇರುವುದು ಇಲ್ಲೇ. ಅರಬ್ ದೇಶ ಅಂದ ಕೂಡಲೇ ನಮ್ಮ ಸಸ್ಯಾಹಾರಿಗಳು ಹೆದರುತ್ತಾರೆ, ಟೂರಿನವರು ಆ ಹೆದರಿಕೆಯನ್ನೇ ಮಾರುತ್ತಾರೆ. ಜೋರ್ಡಾನಿನ ಹೆಸರಾಂತ ಅಡುಗೆ ಮನ್ಸಫ್ ಕುರಿಮಾಂಸದ್ದು, ನಿಜ. 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಆದರೆ ಅದು ಮದುವೆ ಮುಂಜಿಗೆ, ನೆಂಟರು ಬಂದಾಗ ಮಾಡುವಂಥದ್ದು. ಬೆಳಗಿನ ತಿಂಡಿ ಮುಕ್ಕಾಲು ಪಾಲು ಕಾಳು, ರೊಟ್ಟಿ, ಎಣ್ಣೆ, ಮೊಸರು, ಸೊಪ್ಪು. ನೀರು ಬಸಿದ ಗಟ್ಟಿ ಮೊಸರು ಲಬ್ನೆ. ಜಾತರ್ ಅನ್ನುವ ಎಳ್ಳು ಸೇರಿದ ಪುಡಿಗೆ ಆಲಿವ್ ಎಣ್ಣೆ ಕಲಸಿಕೊಂಡು ರೊಟ್ಟಿಗೆ ಹಚ್ಚುವುದು. ಅದು ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳುವುದಲ್ಲದೆ ಇನ್ನೇನು? ಈಜಿಪ್ಟಿಗೆ ಹೋದರೆ ಇದೇ ಫಲಾಫೆಲ್ 'ತಾಮಿಯಾ' ಆಗುತ್ತದೆ. ಅಲ್ಲಿ ಕಡಲೆ ಬದಲು ಫೂಲ್ ಕಾಳನ್ನೇ ರುಬ್ಬುತ್ತಾರೆ. ಒಳಗೆ ಸೊಪ್ಪಿನ ಹಸಿರು.

ಗ್ಯಾರಂಟಿಯ ಪನೀರಿಗಿಂತ ಇದು ನಮ್ಮ ನಾಲಿಗೆಗೂ ಹೊಟ್ಟೆಗೂ ಎಷ್ಟೋ ಹತ್ತಿರ. ಹೇಳುವವರಿಲ್ಲ, ಅಷ್ಟೇ. (ಒಂದು ಎಚ್ಚರಿಕೆ: ಕೆಂಪು ರಕ್ತಕಣಗಳಲ್ಲಿರುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಕೆಲವರಿಗಿರುತ್ತದೆ, ಅಂಥವರು ಫೂಲ್ ಕಾಳು ಮುಟ್ಟಬೇಡಿ. ರಕ್ತಕ್ಕೆ ತೊಂದರೆ ಮಾಡುತ್ತದೆ.)

ತುಂಬಾ ಅಗ್ಗ ಅಂತ ಸುಳ್ಳು ಹೇಳಲ್ಲ. ನಾವು ಹೋದಾಗ ಅಲ್ಲಿಯ ಒಂದು ದಿನಾರ್ ಅಂದರೆ ನಮ್ಮ 120 ರೂಪಾಯಿಯ ಆಸುಪಾಸು ಇತ್ತು. ಪುದೀನ ಹಾಕಿದ ಟೀ ಸೇರಿ ಇಬ್ಬರಿಗೆ ಐದು ದಿನಾರ್ ಆಯಿತು. ಟೀಗೆ ಸಕ್ಕರೆ ಜಾಸ್ತಿ, ಅದೊಂದು ನನಗೆ ಹಿಡಿಸಲಿಲ್ಲ.

ಏಳುವ ಹೊತ್ತಿಗೆ ಅಮ್ಮ ಕಾಣಲಿಲ್ಲ. ನೋಡಿದರೆ ಬಾಣಲೆ ಪಕ್ಕ ನಿಂತಿದ್ದಾಳೆ. ಫಲಾಫೆಲ್ ಹಾಕುವವನ ಕೈಯಲ್ಲಿ ಹಿತ್ತಾಳೆಯ ಸಣ್ಣ ಅಚ್ಚು, ಹಿಡಿಯಲ್ಲಿ ಸ್ಪ್ರಿಂಗು. ಹಿಟ್ಟು ತುಂಬಿ, ಮೇಲೆ ಸವರಿ, ಹಿಡಿ ಅದುಮಿದರೆ ಬಿಲ್ಲೆ ಟಪ್ ಅಂತ ಎಣ್ಣೆಗೆ. ಕೈಗೆ ಹಿಟ್ಟಿಲ್ಲ, ಎಣ್ಣೆ ಸಿಡಿಯುವ ಭಯವಿಲ್ಲ. "ನಲವತ್ತು ವರ್ಷದಿಂದ ಅಂಗೈಯಲ್ಲಿ ತಟ್ಟಿ ತಟ್ಟಿ ಕೈ ಸುಟ್ಕೊಂಡಿದೀನಿ. ಇಂಥದ್ದೊಂದು ಇದೆ ಅಂತ ಯಾರೂ ಹೇಳಲಿಲ್ಲವಲ್ಲೋ" ಅಂದಳು.

ಸಂಜೆ ಬಂದು ಅದೇ ಪೇಟೆಯಲ್ಲಿ ಪಾತ್ರೆ ಅಂಗಡಿ ಹುಡುಕಿ ಒಂದು ಕೊಂಡೆವು. ಇಡೀ ಪ್ರವಾಸದಲ್ಲಿ ಅಮ್ಮ ತಂದುಕೊಂಡ ಸಾಮಾನು ಅದೊಂದೇ. ಸೂಟ್‌ಕೇಸಿನಲ್ಲಿ ಜಾಗ ಮಾಡಲು ಕೋಡುಬಳೆ ಡಬ್ಬವನ್ನು ಬಸ್ಸಿನವರಿಗೆಲ್ಲ ಹಂಚಿದಳು.

ಈಗ ಮನೆಯಲ್ಲಿ ಪ್ರಯೋಗ ನಡೆಯುತ್ತಿದೆ. ಅಂಬೊಡೆ ಹಿಟ್ಟು ಅಚ್ಚಿಗೆ ಅಂಟಿಕೊಳ್ಳುತ್ತಿದೆ, ಬಿಡುತ್ತಿಲ್ಲ. ಬೇಳೆ ತರಿ ದಪ್ಪ ಆಯಿತು ಅನ್ನುತ್ತಾಳೆ ಒಂದು ದಿನ, ನೀರು ಹೆಚ್ಚಾಯಿತು ಅನ್ನುತ್ತಾಳೆ ಇನ್ನೊಂದು ದಿನ. ಹೋದ ಭಾನುವಾರ ಅಚ್ಚಿಗೆ ಎಣ್ಣೆ ಸವರಿ ನೋಡಿದಳು. ಆರು ಹಾಕಿದ್ದರಲ್ಲಿ ಎರಡು ಇಡಿಯಾಗಿ ಬಂದವು.