ಸ್ಪಷ್ಟನೆ: ಬರ್ಬನ್‌ನಲ್ಲಿರುವುದು ನಮ್ಮ ಬಿಳಿಜೋಳವಲ್ಲ

'ಬರ್ಬನ್ ಜೋಳದಿಂದ ಮಾಡಿದ ವಿಸ್ಕಿ. ನಮ್ಮ ರೊಟ್ಟಿಯ ಹಾಗೆ ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದು' ಎಂಬ ಸಂದೇಶ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಗೊಂದಲ ಹುಟ್ಟಿದ್ದು ಒಂದು ಪದದಿಂದ. ನಮ್ಮಲ್ಲಿ ಜೋಳ ಎಂದರೆ ಹಿಂಗಾರಿನ ಬಿಳಿಜೋಳ. ಬರ್ಬನ್‌ಗೆ ಬೇಕಾದುದು ಮೆಕ್ಕೆಜೋಳ. ಅಮೆರಿಕದ ಕಾನೂನಿನ ಪ್ರಕಾರ ಧಾನ್ಯಗಳಲ್ಲಿ ಅದರ ಪಾಲು ಕನಿಷ್ಠ ಶೇ 51 ಇರಬೇಕು. ಬಟ್ಟಿ ಇಳಿಸಿದ ಮದ್ಯವನ್ನು ಒಳಭಾಗ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಡಬೇಕು. ವೆನಿಲಾ ಹೋಲುವ ಪರಿಮಳವೂ ಕಂದು ಬಣ್ಣವೂ ಆ ಮರದ ಕೊಡುಗೆ. ತಯಾರಿಕೆ ಕೆಂಟಕಿ ರಾಜ್ಯದಲ್ಲೇ ಆಗಬೇಕೆಂದಿಲ್ಲ, ಅಮೆರಿಕದ ಯಾವ ರಾಜ್ಯದಲ್ಲಾದರೂ ಸರಿ.

ಅದೇ ಸಂದೇಶದಲ್ಲಿ 'ರೈ ಎಂದರೆ ಸಾಸಿವೆ' ಎಂದೂ ಇದೆ. ಹಿಂದಿಯ ರಾಯಿ ಸಾಸಿವೆ, ನಿಜ. ವಿಸ್ಕಿಯ ರೈ ಗೋಧಿಯ ಬಳಗದ ಧಾನ್ಯ. ಅದರಿಂದ ಮಾಡಿದ ವಿಸ್ಕಿಯ ಖಾರದ ಛಾಯೆ ಕೆಲವರಿಗೆ ಹಿಡಿಸುತ್ತದೆ, ಬರ್ಬನ್‌ನ ಸಿಹಿ ಇನ್ನು ಕೆಲವರಿಗೆ. ರುಚಿಯ ಬಗ್ಗೆ ಅಭಿಪ್ರಾಯ ಎಷ್ಟಾದರೂ ಇರಲಿ. ಆರೋಗ್ಯದ ಮಾತು ಹಾಗಲ್ಲ. ಬಟ್ಟಿ ಇಳಿಸಿದಾಗ ಧಾನ್ಯದ ನಾರೂ ಪ್ರೋಟೀನೂ ಹಿಂದೆಯೇ ಉಳಿಯುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರು ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆ ವಾಟ್ಸ್‌ಆ್ಯಪ್ ಸಂದೇಶವನ್ನು ಮನೆಯ ಹಿರಿಯರಿಗೆ ದಯವಿಟ್ಟು ಕಳುಹಿಸಬೇಡಿ.