ಮಿಲೆನಿಯಲ್ ಪೀಳಿಗೆಯ ವೃತ್ತಿ ಬದಲಾವಣೆ: ಹರಿದಾಡುತ್ತಿರುವ ಅಂಕಿಯ ಕುರಿತು ಸ್ಪಷ್ಟನೆ

‘1981ರಿಂದ 1996ರ ನಡುವೆ ಹುಟ್ಟಿದ ಮಿಲೆನಿಯಲ್ ಪೀಳಿಗೆಯಲ್ಲಿ ಶೇ 21ರಷ್ಟು ಮಂದಿ ವರ್ಷದೊಳಗೆ ವೃತ್ತಿಯನ್ನೇ ಬದಲಿಸುತ್ತಾರೆ, ತಾಳ್ಮೆಯಿಲ್ಲದಿರುವುದೇ ಕಾರಣ’ ಎಂಬ ಸಂದೇಶ ಕೋಲಾರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ.

ಈ ಅಂಕಿ ಅಮೆರಿಕದ ಗ್ಯಾಲಪ್ ಸಂಸ್ಥೆಯ 2016ರ ವರದಿಯದು. ಅದು ಅಮೆರಿಕದಲ್ಲಿ ಹಿಂದಿನ ಒಂದು ವರ್ಷದಲ್ಲಿ ಕೆಲಸ ಬದಲಿಸಿದವರನ್ನು ಎಣಿಸಿದೆಯೇ ಹೊರತು ವೃತ್ತಿ ಬದಲಿಸಿದವರನ್ನಲ್ಲ. ನರಸಾಪುರದ ಕಾರ್ಖಾನೆಯಿಂದ ವೇಮಗಲ್‌ನ ಕಾರ್ಖಾನೆಗೆ ಅದೇ ಹುದ್ದೆಗೆ ಹೋದವರನ್ನೂ, ಕಾರ್ಖಾನೆಯನ್ನೇ ಬಿಟ್ಟು ಶಿಕ್ಷಕರಾದವರನ್ನೂ ಒಂದೇ ಲೆಕ್ಕಕ್ಕೆ ಸೇರಿಸಲಾಗದು.

ತಾಳ್ಮೆಯ ಮಾತಿಗೂ ಆಧಾರವಿಲ್ಲ. ಪ್ಯೂ ಸಂಶೋಧನಾ ಕೇಂದ್ರವು 2017ರಲ್ಲಿ ಅಮೆರಿಕ ಸರ್ಕಾರದ ಅಂಕಿಅಂಶಗಳನ್ನು ಪರಿಶೀಲಿಸಿದಾಗ, ಒಂದೇ ಕಡೆ ಕನಿಷ್ಠ 13 ತಿಂಗಳು ದುಡಿದಿದ್ದ 18ರಿಂದ 35 ವರ್ಷದ ಉದ್ಯೋಗಿಗಳ ಪ್ರಮಾಣ 2016ರಲ್ಲಿ ಶೇ 63.4 ಇದ್ದರೆ, 2000ದಲ್ಲಿ ಅದೇ ವಯಸ್ಸಿನಲ್ಲಿದ್ದ ಹಿಂದಿನ ಪೀಳಿಗೆಯಲ್ಲಿ ಅದು ಶೇ 59.9 ಮಾತ್ರ ಇತ್ತು. ‘ಹಿರಿಯರು ಸೇರಿದ ಕೆಲಸದಲ್ಲೇ ನಿವೃತ್ತರಾದರು’ ಎಂದೂ ಸಂದೇಶದಲ್ಲಿದೆ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಮಂದಿ ದಿನವೂ ರೈಲು ಹತ್ತಿ ಬೆಂಗಳೂರಿನಲ್ಲಿ ಬೇರೆ ದುಡಿಮೆ ಹುಡುಕಿಕೊಂಡ ಜಿಲ್ಲೆಯಲ್ಲೇ ಇಂಥ ಮಾತು ಓಡಾಡುವುದು ಸೋಜಿಗವೇ ಸರಿ.

ತೃಪ್ತಿಯ ಕೆಲಸ ಅರಸಿ ವೃತ್ತಿ ಬದಲಿಸುವವರು ಇಲ್ಲವೆಂದಲ್ಲ; ಆದರೆ ಓದಿದ ಡಿಪ್ಲೊಮಾಗೂ ಮಾಡುವ ಕೆಲಸಕ್ಕೂ ಸಂಬಂಧವಿಲ್ಲದಿರುವುದು, ಗುತ್ತಿಗೆ ನೌಕರಿಯ ಅಭದ್ರತೆ, ಮೇಲೇರಲು ದಾರಿಯಿಲ್ಲದ ಹುದ್ದೆ, ಪ್ರಯಾಣದಲ್ಲೇ ಕಳೆಯುವ ಗಂಟೆಗಳು, ಇವೆಲ್ಲ ಆ ಹುಡುಕಾಟದೊಳಗೇ ಬೆರೆತಿರುತ್ತವೆ, ಮತ್ತು ಇವುಗಳಲ್ಲಿ ಯಾವುದನ್ನೂ ಸ್ವಭಾವದ ದೋಷವೆನ್ನಲಾಗದು. ಸಂದೇಶವನ್ನು ಮುಂದೆ ಕಳುಹಿಸಲೇಬೇಕೆನ್ನುವವರು ಶೇ 21ರ ಪಕ್ಕದಲ್ಲಿ ‘ಅಮೆರಿಕ, 2016, ಕೆಲಸ ಬದಲಾವಣೆ’ ಎಂದಾದರೂ ಸೇರಿಸಬೇಕು.